ಹೇಳದೆ ಬಿಟ್ಟ ಮಾತಿನ ಬೆಲೆ

ನಿಮ್ಮನ್ನು ಒಂದು ಪ್ರಶ್ನೆ ಕೇಳುವೆನು. ಚನ್ನಗಿರಿ ಯಾವ ಜಿಲ್ಲೆಯಲ್ಲಿದೆ? ಪ್ರಾಥಮಿಕ ಶಾಲೆಯ ಹುಡುಗನೂ ದಾವಣಗೆರೆ ಎಂದು ಕೂಡಲೇ ಹೇಳುವನು. ಸರಿ. ಆದರೆ ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಕಾಗದವಿದೆಯೆಂದೂ, ಅದರಲ್ಲಿ 'ಚನ್ನಗಿರಿ ತಾಲ್ಲೂಕು' ಎಂದಷ್ಟೇ ಬರೆದು ಜಿಲ್ಲೆಯ ಹೆಸರನ್ನು ಬಿಟ್ಟಿದ್ದಾರೆಂದೂ ಇಟ್ಟುಕೊಳ್ಳಿ. ಆ ಕಾಗದ ಬರೆದವರ ಮನಸ್ಸಿನಲ್ಲಿದ್ದ ಜಿಲ್ಲೆ ಯಾವುದು? ನಿಸ್ಸಂದೇಹವಾಗಿ ಶಿವಮೊಗ್ಗ. ಎಲ್ಲರಿಗೂ ತಿಳಿದ ಮಾತೆಂದು ಅವರು ಅದನ್ನು ಬರೆಯಲಿಲ್ಲ. ಕಾಗದ ಇದ್ದಂತೆಯೇ ಇದೆ; ಒಂದಕ್ಷರವೂ ಅಳಿಸಿಲ್ಲ, ಒಂದಕ್ಷರವೂ ಕೂಡಿಲ್ಲ. ಆದರೂ ಇಂದು ಓದುವವನು ಬಿಟ್ಟ ಸ್ಥಳದಲ್ಲಿ ದಾವಣಗೆರೆ ಎಂದು ತುಂಬಿಕೊಳ್ಳುವನು. ಬರೆದ ಮಾತು ಬದಲಾಗಲಿಲ್ಲ, ಬರೆಯದ ಮಾತು ಬದಲಾಯಿತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನವರೇ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳೂ, ಬಳ್ಳಾರಿಯಿಂದ ಹರಪನಹಳ್ಳಿಯೂ ಬಂದು ಕೂಡಿದವು. ಹರಪನಹಳ್ಳಿ ಮುಂದೆ ಮತ್ತೆ ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೊನ್ನಾಳಿಯ ಮಡಿಲಲ್ಲಿದ್ದ ನ್ಯಾಮತಿ ತಾನೇ ಒಂದು ತಾಲ್ಲೂಕಾಯಿತು. ಶಿವಮೊಗ್ಗವನ್ನು ಸರ್ಕಾರಿ ಆಂಗ್ಲ ಬರವಣಿಗೆಯಲ್ಲಿ 'ಶಿಮೊಗಾ' ಎನ್ನುತ್ತಿದ್ದುದು ಕೂಡ 2014ರ ನವೆಂಬರ್ 1ರಿಂದ ನಿಂತಿತು. ಊರುಗಳು ಅಲುಗಲಿಲ್ಲ, ತುಂಗಭದ್ರೆ ಹೊನ್ನಾಳಿಯ ಪಕ್ಕದಲ್ಲಿಯೇ ಹರಿಯುತ್ತಿದ್ದಾಳೆ, ಸೂಳೆಕೆರೆ ಚನ್ನಗಿರಿಯ ಸೀಮೆಯಲ್ಲಿಯೇ ಇದೆ. ಅಲುಗಿದ್ದು ಊರಿನ ಹೆಸರಿನ ಮುಂದೆ ನಾವು ಹೇಳದೆ ಬಿಡುವ ಮಾತು.

ಹೀಗೆ ಹೇಳದೆ ಬಿಟ್ಟ ಮಾತಿಗೂ ಒಂದು ಬೆಲೆಯನ್ನು ಮೊದಲೇ ಗೊತ್ತುಮಾಡಿಡುವ ಪದ್ಧತಿ ಕಂಪ್ಯೂಟರಿನ ಪ್ರೋಗ್ರಾಮುಗಳಲ್ಲಿಯೂ ಉಂಟು. ಅದಕ್ಕೆ ಡೀಫಾಲ್ಟ್ ಎಂದು ಹೆಸರು. ಈ ಲೇಖನದಲ್ಲಿ ನಾನು ಅದನ್ನು 'ಪೂರ್ವಸಿದ್ಧ ಬೆಲೆ' ಎಂದು ಕರೆಯುವೆನು. ಅದು ಹೇಗೆ ಬಂತು, ಅದರಿಂದ ಏನು ಅನುಕೂಲ, ಅದನ್ನು ನಂಬಿ ನಾನು ಹೇಗೆ ಕೆಟ್ಟೆ ಎಂಬುದನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ. ನಾನು ಯಂತ್ರಜ್ಞನಲ್ಲ, ಪ್ರೌಢಶಾಲೆಯ ಕನ್ನಡ ಪಂಡಿತ. ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ಈ ವೃತ್ತಿಯಲ್ಲಿದ್ದಾನೆ. ಅವನು ಬಿಡಿಸಿ ಹೇಳಿದುದನ್ನು ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ.

ಮೊದಲು ನಮ್ಮ ಅಕ್ಷರಗಳನ್ನೇ ನೋಡೋಣ. ಜಗಳೂರು ಎಂದು ಬರೆಯಿರಿ. ಮೊದಲನೆಯ ಅಕ್ಷರ 'ಜ'. ಇದರಲ್ಲಿ 'ಅ' ಸ್ವರವನ್ನು ಎಲ್ಲಿ ಬರೆದಿರಿ? ಕಕಾರಕ್ಕಾದರೆ ಮೇಲೆ ತಲೆಕಟ್ಟು ಇದೆ. ಜಕಾರ, ಬಕಾರ, ಲಕಾರಗಳಿಗೆ ಅದೂ ಇಲ್ಲ. ಆದರೂ ನಾಡಿನ ಯಾವ ಮಗುವೂ ಅದನ್ನು ಬೇರೆಯಾಗಿ ಓದುವುದಿಲ್ಲ. ಏನನ್ನೂ ಹೇಳದಿದ್ದರೆ 'ಅ' ಎಂದು ತಿಳಿಯತಕ್ಕದ್ದು ಎಂಬುದು ಲಿಪಿಯಲ್ಲಿ ಮೊದಲೇ ಆದ ಒಪ್ಪಂದ. ಬೇರೆ ಸ್ವರ ಬೇಕಾದರೆ ಗುಡಿಸು, ಕೊಂಬು, ಏತ್ವಗಳಿಂದ ಹೇಳಬೇಕು. ಇನ್ನೊಂದು ಸೂಕ್ಷ್ಮವಿದೆ. ಸ್ವರವೇ ಬೇಡವೆಂದಾದರೆ? ಸುಮ್ಮನಿದ್ದರೆ ಆಗದು, ಸುಮ್ಮನಿದ್ದರೆ 'ಅ' ಬಂದುಬಿಡುವುದು. ಇಲ್ಲವೆಂಬುದನ್ನೂ ಒಂದು ಗುರುತು ಹಾಕಿಯೇ ಹೇಳಬೇಕು. 'ಜ್' ಎಂದು ಬರೆಯಬೇಕು. ಹೇಳದಿರುವುದು ಬೇರೆ, ಇಲ್ಲವೆನ್ನುವುದು ಬೇರೆ. ಈ ಭೇದವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುವುದು.

ವ್ಯಾಕರಣದಲ್ಲಿಯೂ ಇದೇ ನಡೆ. ಪಾಣಿನಿಯ ಸಂಪ್ರದಾಯದವರು ಸಾಮಾನ್ಯ ವಿಧಿಯನ್ನು ಉತ್ಸರ್ಗವೆಂದೂ ವಿಶೇಷ ವಿಧಿಯನ್ನು ಅಪವಾದವೆಂದೂ ಕರೆದರು. ಭೂತಕಾಲಕ್ಕೆ 'ದ' ಪ್ರತ್ಯಯವೆಂದು ತರಗತಿಯಲ್ಲಿ ಒಮ್ಮೆ ಹೇಳಿಬಿಡುತ್ತೇವೆ. ನಡೆದನು, ಮಾಡಿದನು, ಓದಿದನು ಎಂದು ಒಂದೊಂದಕ್ಕೂ ಬೇರೆ ಸೂತ್ರ ಬೇಕಿಲ್ಲ. ಕೊಡು ಎಂಬ ಧಾತುವಿಗೆ ಮಾತ್ರ ಕೊಟ್ಟನು, ಬೀಳು ಎಂಬುದಕ್ಕೆ ಬಿದ್ದನು ಎಂದು ಬೇರೆ ಹೇಳುವೆವು. ವಿಶೇಷ ಹೇಳಿದ ಕಡೆ ಸಾಮಾನ್ಯ ಹಿಂದೆ ಸರಿಯುವುದು, ಹೇಳದ ಕಡೆ ಸಾಮಾನ್ಯವೇ ನಿಲ್ಲುವುದು. ಪೂರ್ವಸಿದ್ಧ ಬೆಲೆಯೆಂದರೆ ಉತ್ಸರ್ಗ; ಬಾಯಿಬಿಟ್ಟು ಹೇಳಿದ ಬೆಲೆಯೆಂದರೆ ಅಪವಾದ. ಇಷ್ಟು ತಿಳಿದರೆ ಮುಂದಿನದು ಕಷ್ಟವಲ್ಲ.

ಈಗ ಯಂತ್ರದ ಕಡೆಗೆ ಬರೋಣ. ಕಂಪ್ಯೂಟರಿಗೆ ಮಾಡತಕ್ಕ ಕೆಲಸವನ್ನು ಕ್ರಮವಾಗಿ ಬರೆದುಕೊಟ್ಟ ಆದೇಶಗಳ ಕಟ್ಟೇ ಪ್ರೋಗ್ರಾಮು. ಅದನ್ನು ಬರೆಯುವ ಪದ್ಧತಿಗಳಲ್ಲಿ ಒಂದಕ್ಕೆ ವಸ್ತುಪ್ರಧಾನ ಪದ್ಧತಿಯೆಂದು ಹೆಸರು. ನಾರ್ವೆ ದೇಶದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬಿಬ್ಬರು ರೂಪಿಸಿದ ಸಿಮುಲಾ 67 ಎಂಬ ಭಾಷೆಯಲ್ಲಿ ಇದರ ಬೇರುಗಳಿವೆ. ಇಟ್ಟಿಗೆ ಕೊಯ್ಯುವವರನ್ನು ನೀವು ನೋಡಿದ್ದೀರಿ. ಅಚ್ಚು ಒಂದು, ಅದರಿಂದ ಬರುವ ಇಟ್ಟಿಗೆ ನೂರಾರು. ಈ ಪದ್ಧತಿಯಲ್ಲಿ ಅಚ್ಚಿಗೆ ಕ್ಲಾಸ್ ಎಂದೂ, ಅದರಿಂದ ಬಂದ ಒಂದೊಂದಕ್ಕೆ ಆಬ್ಜೆಕ್ಟ್ ಅಥವಾ ವಸ್ತು ಎಂದೂ ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು 1995ರಲ್ಲಿ ಲೋಕಕ್ಕೆ ಕೊಟ್ಟ ಜಾವಾ ಭಾಷೆ ಈ ಪದ್ಧತಿಯದೇ.

ಅಚ್ಚುಗಳು ಹೆಚ್ಚಿದಂತೆ ಅವುಗಳ ಮೇಲೆ ಗುರುತು ಬರೆದಿಡುವ ಅವಶ್ಯಕತೆ ಬಂತು. ಓಲೆಗರಿಯ ಕಾವ್ಯಗಳನ್ನು ನೆನೆಯಿರಿ. ಮೂಲ ಒಂದು ಕಡೆ, ಅದರ ಅಂಚಿನಲ್ಲಿ ಟೀಕೆ, ಟಿಪ್ಪಣಿ. ಟಿಪ್ಪಣಿ ಮೂಲವನ್ನು ತಿದ್ದುವುದಿಲ್ಲ. ಮೂಲವನ್ನು ಹೇಗೆ ತಿಳಿಯಬೇಕೆಂದು ಓದುವವನಿಗೆ ಹೇಳುವುದು. ಪ್ರೋಗ್ರಾಮು ಬರೆಯುವವರೂ ಮೊದಲಿನಿಂದ ಅಂಚಿನ ಮಾತುಗಳನ್ನು ಬರೆಯುತ್ತಿದ್ದರು. ಆದರೆ ಅವು ಮನುಷ್ಯರ ಕಣ್ಣಿಗೆ ಮಾತ್ರ. ಯಂತ್ರ ಅವನ್ನು ದಾಟಿ ಹೋಗುತ್ತಿತ್ತು. ಯಂತ್ರವೂ ಓದಬಲ್ಲ ಟಿಪ್ಪಣಿ ಬೇಕಾಯಿತು.

ಅದು ಒಂದೇ ದಿನದಲ್ಲಿ ಆಗಲಿಲ್ಲ. ನಮ್ಮ ಜಿಲ್ಲೆ ಹುಟ್ಟಿದ 1997ರಲ್ಲಿಯೇ ಜಾವಾದ 1.1ನೆಯ ಆವೃತ್ತಿ ಬಂತು. ಅದರಲ್ಲಿ ಅಂಚಿನ ಮಾತಿನೊಳಗೆ 'ಇದು ಹಳತಾಯಿತು, ಬಳಸಬೇಡಿ' ಎಂಬರ್ಥದ ಒಂದು ಗುರುತನ್ನು ಬರೆದರೆ, ಪ್ರೋಗ್ರಾಮನ್ನು ಯಂತ್ರಭಾಷೆಯ ಕಡೆಗೆ ತಿರುಗಿಸುವ ಕಂಪೈಲರು ಅದನ್ನು ಕಂಡು ಬಳಸುವವರನ್ನು ಎಚ್ಚರಿಸುತ್ತಿತ್ತು. ಕೆಲವರು ಟಿಪ್ಪಣಿಗಳನ್ನೆಲ್ಲ ಬೇರೆ ಕಡತದಲ್ಲಿ ಬರೆದಿಟ್ಟರು. ಮೂಲ ಒಂದು ಕಡೆ, ಟೀಕೆ ಇನ್ನೊಂದು ಕಡೆಯಾಗಿ, ಒಂದನ್ನು ತಿದ್ದಿದಾಗ ಇನ್ನೊಂದನ್ನು ತಿದ್ದಲು ಮರೆತು ತೊಂದರೆಪಟ್ಟರು. ಇನ್ನು ಕೆಲವರು ಹೆಸರಿನಲ್ಲಿಯೇ ಗುರುತು ಅಡಗಿಸಿದರು. ಜೆಯುನಿಟ್ ಎಂಬ ಪರೀಕ್ಷಾ ಸಾಧನದ ಹಳೆಯ ರೂಪದಲ್ಲಿ, ಹೆಸರು 'ಟೆಸ್ಟ್' ಎಂದು ಆರಂಭವಾದರೆ ಮಾತ್ರ ಅದು ಪರೀಕ್ಷೆ. ಬರೆಯುವವನ ಕೈತಪ್ಪಿ ಒಂದಕ್ಷರ ಹಿಂದುಮುಂದಾದರೆ ಆ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ, ನಡೆಯಲಿಲ್ಲವೆಂದು ಹೇಳುವವರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಗೈರುಹಾಜರೆಂದು ಯಾರಿಗೆ ಗೊತ್ತಾಗಬೇಕು?

ಮೈಕ್ರೋಸಾಫ್ಟ್ ಸಂಸ್ಥೆಯ ಸಿ ಶಾರ್ಪ್ ಭಾಷೆ 2002ರಲ್ಲಿ ತನ್ನ ಡಾಟ್ ನೆಟ್ ವ್ಯವಸ್ಥೆಯೊಡನೆ ಬಂದಾಗ ಇಂತಹ ಟಿಪ್ಪಣಿಗಳಿಗೆ ಭಾಷೆಯಲ್ಲಿಯೇ ಸ್ಥಾನ ಕೊಟ್ಟಿತ್ತು. 2004ರ ಸೆಪ್ಟೆಂಬರಿನಲ್ಲಿ ಜಾವಾದ 5ನೆಯ ಆವೃತ್ತಿ ಹೊರಬಂದಾಗ ಅದರಲ್ಲಿಯೂ ಟಿಪ್ಪಣಿ ಭಾಷೆಯ ಅಂಗವಾಯಿತು. ಅಲ್ಲಿ ಅದಕ್ಕೆ ಅನೋಟೇಶನ್ ಎಂದು ಹೆಸರು. @ ಎಂಬ ಗುರುತಿನಿಂದ ಆರಂಭವಾಗುವುದು. ಯಾರು ಬೇಕಾದರೂ ತಮಗೆ ಬೇಕಾದ ಟಿಪ್ಪಣಿಯನ್ನು ಒಮ್ಮೆ ರಚಿಸಿ, ಅದರಲ್ಲಿ ಯಾವ ಯಾವ ವಿವರಗಳನ್ನು ತುಂಬಬೇಕೆಂದು ಗೊತ್ತುಮಾಡಿ, ಬಳಿಕ ಎಷ್ಟು ಅಚ್ಚುಗಳ ಮೇಲಾದರೂ ಅಂಟಿಸಬಹುದು. ಜಾವಾದಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲೂ ಅಡ್ಡಿಯಿಲ್ಲ.

ವಿವರಗಳು ಹೆಚ್ಚಿದರೆ ಪ್ರತಿ ಸಲವೂ ಎಲ್ಲವನ್ನೂ ಬರೆಯುವುದು ಬೇಸರ. ಆದ್ದರಿಂದ ಟಿಪ್ಪಣಿಯನ್ನು ರಚಿಸುವವನು ಯಾವುದಾದರೂ ವಿವರದ ಮುಂದೆ ಡೀಫಾಲ್ಟ್ ಎಂಬ ಶಬ್ದವನ್ನು ಬರೆದು ಒಂದು ಬೆಲೆಯನ್ನಿಟ್ಟರೆ, ಅಂಟಿಸುವವನು ಆ ವಿವರವನ್ನು ಬಿಡಬಹುದು. ಬಿಟ್ಟರೆ ಆ ಬೆಲೆಯೇ ಸಲ್ಲುವುದು. ಹಾಗೆ ಬೆಲೆ ಇಡದ ವಿವರವನ್ನು ಮಾತ್ರ ತುಂಬಲೇಬೇಕು. ತುಂಬದಿದ್ದರೆ ಕಂಪೈಲರು ಪ್ರೋಗ್ರಾಮನ್ನೇ ಹಿಂದಿರುಗಿಸುವುದು. 2006ರಲ್ಲಿ ಜೆಯುನಿಟ್‌ನ 4ನೆಯ ರೂಪ ಬಂದಾಗ ಪರೀಕ್ಷೆಯ ಹೆಸರಿನ ಕಟ್ಟುಪಾಡು ಹೋಗಿ ಟೆಸ್ಟ್ ಎಂಬ ಟಿಪ್ಪಣಿಯೇ ಸಾಕಾಯಿತು. ಅದರಲ್ಲಿ ಕಾಲಮಿತಿಯ ವಿವರವೊಂದಿದೆ. ಅದರ ಪೂರ್ವಸಿದ್ಧ ಬೆಲೆ 0, ಎಂದರೆ ಮಿತಿಯಿಲ್ಲ. ಒಂದು ಸೆಕೆಂಡಿನೊಳಗೆ ಮುಗಿಯಬೇಕೆನ್ನುವವನು 1000 ಎಂದು ಬರೆಯುವನು, ಉಳಿದವರು ಸುಮ್ಮನಿರುವರು. ಅದೇ ವರ್ಷ ಬಂದ ದತ್ತಾಂಶ ಕೋಶದ ಟಿಪ್ಪಣಿಗಳಲ್ಲಿ ಕಾಲಮ್ ಎಂಬುದೊಂದು. ಅಲ್ಲಿ ಉದ್ದ ಹೇಳದಿದ್ದರೆ 255 ಅಕ್ಷರ; ಹೆಸರು ಹೇಳದಿದ್ದರೆ ಆ ವಿವರದ ಸ್ವಂತ ಹೆಸರೇ.

ಇಲ್ಲಿ ನಮ್ಮ 'ಜ್' ಅಕ್ಷರದ ಮಾತು ಬರುತ್ತದೆ. ಜಾವಾದ ಬೇರೆ ಭಾಗಗಳಲ್ಲಿ 'ಏನೂ ಇಲ್ಲ' ಎಂಬುದಕ್ಕೆ ನಲ್ ಎಂಬ ಶಬ್ದವಿದೆ. ಟಿಪ್ಪಣಿಯ ವಿವರಕ್ಕೆ ಮಾತ್ರ ನಲ್ ಎಂಬ ಬೆಲೆಯನ್ನು ಕೊಡುವಂತಿಲ್ಲ. ಆದ್ದರಿಂದ ರಚಿಸುವವನು ಇಲ್ಲವೆಂಬುದಕ್ಕೂ ಒಂದು ಗುರುತನ್ನು ಹುಡುಕಬೇಕು. ಕಾಲಮಿತಿಯಲ್ಲಿ 0 ಇಂತಹ ಗುರುತು. ಹೆಸರಿನಲ್ಲಿ ಒಂದಕ್ಷರವೂ ಇಲ್ಲದ ಖಾಲಿ ಉಲ್ಲೇಖ ಇಂತಹ ಗುರುತು. ಓದುವವನಿಗೆ ಈ ಒಪ್ಪಂದ ತಿಳಿಯದಿದ್ದರೆ, ಮಿತಿ ಸೊನ್ನೆಯಂತೆ, ಪರೀಕ್ಷೆ ಆರಂಭವಾಗುವ ಮೊದಲೇ ಮುಗಿಯಬೇಕಂತೆ ಎಂದು ಹಾಸ್ಯವಾದೀತು.

ಇಷ್ಟು ಪೀಠಿಕೆ ಸಾಕು. ಇನ್ನು ನನ್ನ ಕಥೆ.

ನಮ್ಮ ಸೀಮೆಯ ಕಲ್ಲುಗಳನ್ನು ಮೊದಲು ಕ್ರಮವಾಗಿ ಓದಿಸಿ ಅಚ್ಚುಹಾಕಿಸಿದವರು ಬಿ. ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಅವರ ಹೆಸರನ್ನು ಉಳಿಸಿವೆ. 1902ರಲ್ಲಿ ಬಂದ 7ನೆಯ ಸಂಪುಟ ಶಿವಮೊಗ್ಗ ಜಿಲ್ಲೆಯ ಮೊದಲನೆಯ ಭಾಗ. ಅದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿ ಜಗಳೂರಿನವು ಇವೆ. ರೈಸರು ಒಂದೊಂದು ಕಲ್ಲಿಗೂ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ ಎಂದು ಗುರುತು ಕೊಟ್ಟರು. ಕದಂಬರ ಮೂಲವನ್ನು ಹೇಳುವ ತಾಳಗುಂದದ ಸ್ತಂಭಶಾಸನ ಅವರ ಲೆಕ್ಕದಲ್ಲಿ ಶಿಕಾರಿಪುರ 176. ಇಂದಿಗೂ ವಿದ್ವಾಂಸರು ಹಾಗೆಯೇ ಉಲ್ಲೇಖಿಸುವರು. ಈ ಗುರುತಿನಲ್ಲಿ ಜಿಲ್ಲೆಯ ಹೆಸರಿಲ್ಲ, ಅವಶ್ಯಕತೆಯೂ ಇರಲಿಲ್ಲ. ಸಂಪುಟದ ಮುಖಪುಟದಲ್ಲಿ ಜಿಲ್ಲೆಯ ಹೆಸರನ್ನು ಒಮ್ಮೆ ಅಚ್ಚುಹಾಕಿದ್ದರೆ ಒಳಗಿನ ನೂರಾರು ಕಲ್ಲುಗಳಿಗೆ ಅದೇ ಸಲ್ಲುವುದು. ಡೀಫಾಲ್ಟ್ ಎಂಬ ಮಾತು ಕಂಪ್ಯೂಟರಿಗೆ ಬರುವ ಎಷ್ಟೋ ಮೊದಲು ರೈಸರ ಪುಸ್ತಕದಲ್ಲಿ ಆ ಕೆಲಸ ನಡೆದಿತ್ತು.

2016ರಲ್ಲಿ ನಮ್ಮ ಶಾಲೆಯ ಮಕ್ಕಳಿಗಾಗಿ ಸುತ್ತಮುತ್ತಲಿನ ಶಾಸನಗಳದೊಂದು ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಡಬೇಕೆಂದು ನನಗೆ ಆಸೆಯಾಯಿತು. ಶಿಷ್ಯನಿಗೆ ಹೇಳಿದೆ. ಅವನು ಬಿಡುವಿನ ಭಾನುವಾರಗಳಲ್ಲಿ ಜಾವಾದಲ್ಲಿ ಬರೆದುಕೊಟ್ಟ. ಒಂದೊಂದು ತಾಲ್ಲೂಕಿನ ಪಟ್ಟಿಗೂ ಒಂದೊಂದು ಕ್ಲಾಸ್. ಅದರ ನೆತ್ತಿಯ ಮೇಲೆ 'ಶಾಸನಪಟ್ಟಿ' ಎಂಬ ಟಿಪ್ಪಣಿ. ಆ ಟಿಪ್ಪಣಿಯಲ್ಲಿ ಎರಡು ವಿವರ: ಜಿಲ್ಲೆ ಮತ್ತು ಸಂಪುಟ. ನಾಲ್ಕು ತಾಲ್ಲೂಕುಗಳು ಒಂದೇ ಸಂಪುಟದವಾದ ಕಾರಣ ಜಿಲ್ಲೆಗೆ ಶಿವಮೊಗ್ಗವೆಂದೂ, ಸಂಪುಟಕ್ಕೆ 7 ಎಂದೂ ಪೂರ್ವಸಿದ್ಧ ಬೆಲೆಯನ್ನಿಟ್ಟ. ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ, ಶಿವಮೊಗ್ಗಗಳ ಮೇಲೆ ಬರಿಯ ಟಿಪ್ಪಣಿಯ ಹೆಸರನ್ನು ಬರೆದರೆ ಸಾಕಾಯಿತು. ಜಗಳೂರಿನ ಮೇಲೆ ಮಾತ್ರ ಜಿಲ್ಲೆ ಚಿತ್ರದುರ್ಗ, ಸಂಪುಟ 11 ಎಂದು ಬಾಯಿಬಿಟ್ಟು ಬರೆದ.

ಮೊದಲ ದಿನವೇ ಒಂದು ತಮಾಷೆಯಾಯಿತು. ಪ್ರೋಗ್ರಾಮು ನಡೆಯಿತು, ಆದರೆ ಒಂದು ಟಿಪ್ಪಣಿಯೂ ಅದಕ್ಕೆ ಕಾಣಲಿಲ್ಲ. ಶಿಷ್ಯ ಹಣೆ ಚಚ್ಚಿಕೊಂಡು ನಕ್ಕ. ಟಿಪ್ಪಣಿ ಎಲ್ಲಿಯವರೆಗೆ ಉಳಿಯಬೇಕೆಂದು ಹೇಳುವ ರಿಟೆನ್ಶನ್ ಎಂಬ ಇನ್ನೊಂದು ಟಿಪ್ಪಣಿಯಿದೆ. ಟಿಪ್ಪಣಿ ಬರೆದ ಮೂಲದಲ್ಲಿ ಮಾತ್ರ ಉಳಿಯಬಹುದು, ಕಂಪೈಲಾದ ಕಡತದಲ್ಲಿ ಉಳಿದರೂ ಪ್ರೋಗ್ರಾಮು ನಡೆಯುವಾಗ ಕಾಣದಿರಬಹುದು, ಅಥವಾ ನಡೆಯುವಾಗಲೂ ಕಾಣಬಹುದು. ಹೀಗೆ ಮೂರು ಬಗೆ. ಏನನ್ನೂ ಹೇಳದಿದ್ದರೆ ಸಲ್ಲುವುದು ನಡುವಿನದು. ನಮಗೆ ಬೇಕಾದುದು ಮೂರನೆಯದು. ಟಿಪ್ಪಣಿಯ ಬಗ್ಗೆ ಬರೆಯುವ ಟಿಪ್ಪಣಿಯಲ್ಲಿಯೂ ಮೌನಕ್ಕೊಂದು ಬೆಲೆ! ಒಂದು ಸಾಲು ಸೇರಿಸಿದ, ಎಲ್ಲವೂ ಕಂಡವು.

ಮೂರು ವರ್ಷ ಪಟ್ಟಿ ಚೆನ್ನಾಗಿ ನಡೆಯಿತು. 2019ರಲ್ಲಿ ಒಬ್ಬ ಪೋಷಕರು ಬಂದು, "ಮೇಷ್ಟ್ರೇ, ನಮ್ಮ ಹೊನ್ನಾಳಿಯನ್ನು ಇನ್ನೂ ಶಿವಮೊಗ್ಗ ಜಿಲ್ಲೆ ಎಂದು ತೋರಿಸುತ್ತೀರಲ್ಲ, ಮಕ್ಕಳು ತಪ್ಪು ಕಲಿಯುವುದಿಲ್ಲವೇ?" ಎಂದರು. ಅವರ ಮಾತು ನ್ಯಾಯವಾಗಿತ್ತು. ನಾನು ಅಂದೇ ಶಿಷ್ಯನಿಗೆ ಫೋನು ಮಾಡಿ, "ಜಿಲ್ಲೆಯನ್ನು ದಾವಣಗೆರೆ ಎಂದು ಮಾಡಿಬಿಡಪ್ಪ" ಎಂದೆ. ಅವನು ಅವಸರದಲ್ಲಿದ್ದ, ಒಂದೇ ಕಡೆ ತಿದ್ದಿದರೆ ಆಗುವುದೆಂದು ಟಿಪ್ಪಣಿಯ ಪೂರ್ವಸಿದ್ಧ ಬೆಲೆಯನ್ನು ಬದಲಿಸಿ, ಆ ಒಂದು ಕಡತವನ್ನು ಮಾತ್ರ ಮತ್ತೆ ಕಂಪೈಲು ಮಾಡಿ ಕಳುಹಿಸಿದ. ನಾನು ಹೊನ್ನಾಳಿ ತೆರೆದು ನೋಡಿದೆ: ದಾವಣಗೆರೆ. ಚನ್ನಗಿರಿ ತೆರೆದು ನೋಡಿದೆ: ದಾವಣಗೆರೆ. ಸಂತೋಷಪಟ್ಟು ಮುಚ್ಚಿದೆ. ಶಿಕಾರಿಪುರವನ್ನು ತೆರೆಯಲಿಲ್ಲ.

ಎರಡು ತಿಂಗಳ ಮೇಲೆ ನಮ್ಮ 9ನೆಯ ತರಗತಿಯ ಹುಡುಗಿಯೊಬ್ಬಳು ಅಂತರಶಾಲಾ ಪ್ರಬಂಧ ಸ್ಪರ್ಧೆಯಲ್ಲಿ ಕದಂಬರ ಮೇಲೆ ಬರೆದಳು. ಮನೆಯಲ್ಲಿ ಪುಸ್ತಕಗಳಿಲ್ಲದ ಹುಡುಗಿ. ತಿಂಗಳೊಪ್ಪತ್ತು ನಮ್ಮ ಪಟ್ಟಿಯ ಮುಂದೆ ಕುಳಿತು ಟಿಪ್ಪಣಿ ಮಾಡಿಕೊಂಡಿದ್ದಳು. 'ದಾವಣಗೆರೆ ಜಿಲ್ಲೆಯ ತಾಳಗುಂದದಲ್ಲಿರುವ ಸ್ತಂಭಶಾಸನ' ಎಂದು ಆರಂಭಿಸಿದ್ದಳು. ತೀರ್ಪುಗಾರರು ಮೊದಲ ಸಾಲಿಗೇ ಕೆಂಪು ಗೆರೆ ಎಳೆದರು. ಬಹುಮಾನ ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಊರಿನ ಮುಂದೆ ನಗೆಗೀಡಾದೆನೆಂಬ ನೋವು. ನನ್ನ ಮೇಜಿನ ಬಳಿ ಬಂದು, ಅಚ್ಚಾದ ಹಾಳೆಯನ್ನು ಮುಂದಿಟ್ಟು, "ಸಾರ್, ನಾನು ನೋಡಿಯೇ ಬರೆದೆ" ಎಂದಳು. ಹಾಳೆಯಲ್ಲಿ ಹಾಗೆಯೇ ಇತ್ತು. ಶಿಕಾರಿಪುರ 176, ಜಿಲ್ಲೆ ದಾವಣಗೆರೆ. ಸಾವಿರದೈನೂರು ವರ್ಷ ನಿಂತಲ್ಲಿಯೇ ನಿಂತಿದ್ದ ಕಂಬವನ್ನು ನಾವು ಒಂದು ರಾತ್ರಿಯಲ್ಲಿ ಜಿಲ್ಲೆ ದಾಟಿಸಿದ್ದೆವು.

ನಾನು ಶಿಷ್ಯನನ್ನು ಕೇಳಿದೆ: "ಶಿಕಾರಿಪುರದ ಕಡತವನ್ನು ನೀನು ಮುಟ್ಟಲೇ ಇಲ್ಲವೆನ್ನುತ್ತೀ. ಮತ್ತೆ ಕಂಪೈಲೂ ಮಾಡಲಿಲ್ಲವೆನ್ನುತ್ತೀ. ಅದು ಹೇಗೆ ಬದಲಾಯಿತು?" ಅವನು ಹೇಳಿದ ಉತ್ತರವೇ ಈ ಲೇಖನದ ಸಾರ. ಟಿಪ್ಪಣಿಯನ್ನು ಅಂಟಿಸಿದ ಕಡತದೊಳಗೆ ಬಾಯಿಬಿಟ್ಟು ಹೇಳಿದ ಬೆಲೆ ಮಾತ್ರ ದಾಖಲಾಗುವುದು. ಹೇಳದೆ ಬಿಟ್ಟದ್ದು ಅಲ್ಲಿ ದಾಖಲಾಗುವುದಿಲ್ಲ. ಪ್ರೋಗ್ರಾಮು ನಡೆಯುತ್ತ ಯಾರಾದರೂ 'ಜಿಲ್ಲೆ ಯಾವುದು' ಎಂದು ಕೇಳಿದಾಗ, ಕಡತದಲ್ಲಿ ಇಲ್ಲವೆಂದು ಕಂಡು, ಟಿಪ್ಪಣಿಯ ಮೂಲರಚನೆಯ ಬಳಿಗೆ ಹೋಗಿ ಆ ಕ್ಷಣದಲ್ಲಿ ಅಲ್ಲಿರುವ ಬೆಲೆಯನ್ನು ತಂದುಕೊಡುವುದು. ಆದಕಾರಣ ಪೂರ್ವಸಿದ್ಧ ಬೆಲೆಯನ್ನು ಬದಲಿಸಿದರೆ, ಅದಕ್ಕೆ ಎಷ್ಟೋ ಮೊದಲು ಬರೆದು ಕಂಪೈಲು ಮಾಡಿ ಮುಗಿಸಿದ ಕಡತಗಳ ಮೌನವೂ ಬೇರೆ ಅರ್ಥ ಹೇಳತೊಡಗುವುದು. ಜಾವಾ ಭಾಷೆಯ ಅಧಿಕೃತ ವಿವರಣೆಯಲ್ಲಿಯೇ ಈ ಎಚ್ಚರಿಕೆಯಿದೆಯಂತೆ. ಅದೇ ಭಾಷೆಯಲ್ಲಿ ಸ್ಥಿರಾಂಕಗಳ ರೀತಿ ಇದಕ್ಕೆ ವಿರುದ್ಧ. ಒಂದು ಕಡೆ ಬರೆದಿಟ್ಟ ಸ್ಥಿರಾಂಕವನ್ನು ಇನ್ನೊಂದು ಕ್ಲಾಸ್ ಬಳಸಿದರೆ, ಕಂಪೈಲಾಗುವಾಗಲೇ ಅದರ ಬೆಲೆ ಬಳಸಿದ ಕಡೆಗೆ ನಕಲಾಗಿಬಿಡುವುದು. ಮೂಲವನ್ನು ಆಮೇಲೆ ತಿದ್ದಿದರೂ, ಬಳಸಿದವನು ಮತ್ತೆ ಕಂಪೈಲು ಮಾಡುವವರೆಗೆ ನಕಲು ಹಳತೇ. ಒಂದು, ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋದ ಹಾಗೆ; ಇನ್ನೊಂದು, ಹೋಟೆಲಿಗೆ ಹೋಗಿ ಅಂದು ಬೆಂದದ್ದನ್ನು ಉಣ್ಣುವ ಹಾಗೆ.

ಜಗಳೂರನ್ನು ನೋಡಿ. ಅದರ ಮೇಲೆ ಚಿತ್ರದುರ್ಗ ಎಂದು ಬಾಯಿಬಿಟ್ಟು ಬರೆದಿದ್ದ ಕಾರಣ ಈ ಗಾಳಿ ಅದನ್ನು ಮುಟ್ಟಲಿಲ್ಲ. ಆದರೆ ಅದೂ ಇಂದಿನ ಜಿಲ್ಲೆಯಲ್ಲ! ದಾವಣಗೆರೆಗೆ ಸೇರಬೇಕಾದ ಜಗಳೂರು ಚಿತ್ರದುರ್ಗದಲ್ಲಿಯೇ ನಿಂತಿತು, ಶಿವಮೊಗ್ಗದಲ್ಲಿರಬೇಕಾದ ಶಿಕಾರಿಪುರ ದಾವಣಗೆರೆಗೆ ಬಂತು. ಆಗ ನನಗೆ ನಿಜವಾದ ತಪ್ಪು ಹೊಳೆಯಿತು. ಅದು ಯಂತ್ರದ್ದಲ್ಲ, ಶಿಷ್ಯನದೂ ಅಲ್ಲ. 'ಜಿಲ್ಲೆ' ಎಂಬ ಒಂದೇ ಶಬ್ದದಲ್ಲಿ ನಾನು ಎರಡು ಪ್ರಶ್ನೆಗಳನ್ನು ತುರುಕಿದ್ದೆ. ರೈಸರು ಅಚ್ಚುಹಾಕಿಸಿದಾಗ ಯಾವ ಜಿಲ್ಲೆ ಎಂಬುದು ಒಂದು ಪ್ರಶ್ನೆ. ಅದರ ಉತ್ತರ ಇನ್ನು ಎಂದೆಂದಿಗೂ ಬದಲಾಗದು. ಈಗ ಯಾವ ಜಿಲ್ಲೆ ಎಂಬುದು ಇನ್ನೊಂದು ಪ್ರಶ್ನೆ. ಅದರ ಉತ್ತರ ಮುಂದೆಯೂ ಬದಲಾಗಬಹುದು. ಹರಪನಹಳ್ಳಿಯನ್ನು ಕೇಳಿ ನೋಡಿ.

ನಾವು ಟಿಪ್ಪಣಿಯನ್ನು ಹೊಸದಾಗಿ ಬರೆದೆವು. 'ಅಂದಿನ ಜಿಲ್ಲೆ' ಎಂಬ ವಿವರಕ್ಕೆ ಶಿವಮೊಗ್ಗವೆಂಬ ಪೂರ್ವಸಿದ್ಧ ಬೆಲೆಯನ್ನೇ ಉಳಿಸಿದೆವು. 1902ರ ಮುಖಪುಟ ಇನ್ನು ಬದಲಾಗುವಂತಿಲ್ಲವಲ್ಲ. 'ಇಂದಿನ ಜಿಲ್ಲೆ', 'ಇಂದಿನ ತಾಲ್ಲೂಕು' ಎಂಬ ವಿವರಗಳಿಗೆ ಯಾವ ಪೂರ್ವಸಿದ್ಧ ಬೆಲೆಯನ್ನೂ ಇಡಲಿಲ್ಲ. ಇಡದಿದ್ದರೆ ಏನಾಗುವುದೆಂದು ಶಿಷ್ಯ ಮಾಡಿ ತೋರಿಸಿದ. ಹಳೆಯ ಕಡತಗಳನ್ನು ಹಾಗೆಯೇ ಬಿಟ್ಟು ಹೊಸ ವಿವರವನ್ನು ಕೇಳಿದರೆ, ಟಿಪ್ಪಣಿ ಅಪೂರ್ಣವೆಂದು ಪ್ರೋಗ್ರಾಮು ಅಲ್ಲಿಯೇ ನಿಂತು ದೂರುವುದು. ಮತ್ತೆ ಕಂಪೈಲು ಮಾಡಹೋದರೆ ಕಂಪೈಲರು ಒಂದೊಂದು ತಾಲ್ಲೂಕಿನ ಬಳಿಯೂ ತಡೆದು ಕೇಳುವುದು: ಇಂದಿನ ಜಿಲ್ಲೆ ಯಾವುದು, ಹೇಳು. ಹೊನ್ನಾಳಿ, ದಾವಣಗೆರೆ. ಚನ್ನಗಿರಿ, ದಾವಣಗೆರೆ. ಜಗಳೂರು, ದಾವಣಗೆರೆ. ಶಿಕಾರಿಪುರ, ಶಿವಮೊಗ್ಗ. ಹೊನ್ನಾಳಿಯ ಅಂಕಿಯಲ್ಲಿಯೇ ಅಚ್ಚಾದ ನ್ಯಾಮತಿ ಕಡೆಯ ಕಲ್ಲುಗಳನ್ನು ಬೇರೆ ತೆಗೆದು, ಅಂಕಿಯನ್ನು ಹೊನ್ನಾಳಿಯದಾಗಿಯೇ ಉಳಿಸಿ, ಇಂದಿನ ತಾಲ್ಲೂಕು ನ್ಯಾಮತಿ ಎಂದು ಬರೆದೆವು. ಅಂಕಿಯನ್ನು ಬದಲಿಸಿದರೆ ಹಳೆಯ ಗ್ರಂಥಗಳ ಉಲ್ಲೇಖಗಳೆಲ್ಲ ದಿಕ್ಕುತಪ್ಪುತ್ತಿದ್ದವು. ಕೆಲಸ ಹೆಚ್ಚಾಯಿತು, ನಿಜ. ಆದರೆ ಮೌನವಾಗಿ ತಪ್ಪು ಹೇಳುವ ಸೇವಕನಿಗಿಂತ ಗಟ್ಟಿಯಾಗಿ ಪ್ರಶ್ನೆ ಕೇಳುವ ಸೇವಕ ಮೇಲಲ್ಲವೇ?

ಇದರಿಂದ ಪೂರ್ವಸಿದ್ಧ ಬೆಲೆಯೇ ಕೆಟ್ಟದ್ದೆಂದು ತಿಳಿಯಬೇಡಿ. ಅದಿಲ್ಲದಿದ್ದರೆ ಬದುಕು ಸಾಗದು. ಪ್ರತಿ ಅಕ್ಷರಕ್ಕೂ 'ಅ' ಎಂದು ಬೇರೆ ಬರೆಯಬೇಕಾದರೆ ಕನ್ನಡ ಪುಸ್ತಕಗಳು ಎಷ್ಟು ದಪ್ಪವಾದಾವು! ನಾನು ಕಲಿತದ್ದು ಇಷ್ಟು. ಬಹುಪಾಲು ಕಡೆ ಒಂದೇ ಆಗಿರುವ, ಕಾಲದಿಂದ ಬದಲಾಗದ ಮಾತಿಗೆ ಪೂರ್ವಸಿದ್ಧ ಬೆಲೆಯನ್ನಿಡಿ. ಬದಲಾಗಬಹುದಾದ ಮಾತನ್ನು ಹೇಳಲೇಬೇಕೆಂದು ಕಟ್ಟಳೆ ಮಾಡಿ. ಇಲ್ಲವೆಂಬುದನ್ನು ಹೇಳುವ ಗುರುತು ಯಾವುದೆಂದು ಮೊದಲೇ ಬರೆದಿಡಿ. ಒಮ್ಮೆ ಇಟ್ಟ ಬೆಲೆಯನ್ನು ತಿದ್ದುವ ಮೊದಲು, ಅದನ್ನು ನಂಬಿ ಸುಮ್ಮನಿರುವವರು ಯಾರು ಯಾರೆಂದು ಎಲ್ಲರ ಬಾಗಿಲನ್ನೂ ತಟ್ಟಿ ನೋಡಿ. ನಾನು ಎರಡು ಬಾಗಿಲು ತಟ್ಟಿ ಮನೆಗೆ ಬಂದೆ; ಮೂರನೆಯ ಮನೆಯ ಹುಡುಗಿ ಅದರ ಫಲವನ್ನು ಉಂಡಳು.

ಆ ಹುಡುಗಿಯ ಹೆತ್ತವರ ಮುಂದೆ, ತರಗತಿಯ ಮುಂದೆ, ತಪ್ಪು ನನ್ನದೆಂದು ಹೇಳಿದೆ. ಸ್ಪರ್ಧೆ ನಡೆಸಿದವರಿಗೂ ಬರೆದು ತಿಳಿಸಿದೆ. ಬಹುಮಾನ ಹಿಂದಿರುಗಲಿಲ್ಲ. ಅವಳು ಆ ಬಳಿಕ ನಮ್ಮ ಪಟ್ಟಿಯಲ್ಲಿ ಏನನ್ನು ನೋಡಿದರೂ, "ಸಾರ್, ಇದು ಬರೆದದ್ದೋ, ತಾನಾಗಿ ಬಂದದ್ದೋ?" ಎಂದು ಕೇಳುವಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿಯಿಂದ ನಾನು ಕೇಳಿಲ್ಲ. ಈಗ ಪಟ್ಟಿಯಲ್ಲಿ ತಾನಾಗಿ ಬಂದ ಬೆಲೆಯ ಪಕ್ಕದಲ್ಲಿ ಒಂದು ಚಿಕ್ಕ ಚುಕ್ಕಿಯನ್ನು ಅಚ್ಚುಹಾಕುತ್ತೇ‌ವೆ.

ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ಒಂದು ಚಿಕ್ಕ ಕೆಲಸ ಮಾಡಿರಿ. ನಿಮ್ಮ ಮನೆಯ ಹಳೆಯ ಪಟಗಳನ್ನು, ಪತ್ರಗಳನ್ನು ತೆಗೆದು ನೋಡಿ. 'ಅಪ್ಪ, ಚಿಕ್ಕಪ್ಪ, ಹೊಸ ಮನೆಯ ಮುಂದೆ' ಎಂದು ಹಿಂಬದಿಯಲ್ಲಿ ಬರೆದಿರಬಹುದು. ಬರೆದವರಿಗೆ ಅಷ್ಟು ಸಾಕಾಗಿತ್ತು. ಯಾರ ಅಪ್ಪ, ಯಾವ ಊರಿನ ಹೊಸ ಮನೆ, ಎಷ್ಟನೆಯ ಇಸವಿ ಎಂದು ತಿಳಿದವರು ಇನ್ನೂ ಮನೆಯಲ್ಲಿದ್ದರೆ ಇಂದೇ ಕೇಳಿ, ಪೆನ್ಸಿಲಿನಲ್ಲಿ ಬರೆದಿಡಿ. ಅವರು ಹೋದ ಬಳಿಕ ಆ ಬಿಟ್ಟ ಸ್ಥಳವನ್ನು ಯಾರೋ ತಮಗೆ ತೋಚಿದ ಬೆಲೆಯಿಂದ ತುಂಬುವರು. ಅದು ತಪ್ಪೆಂದು ಹೇಳಲು ಯಾರೂ ಇರುವುದಿಲ್ಲ.